ಕಿಂಗ್‌ಸ್ಟನ್‌ನ ಸ್ಕೇಟಿಂಗ್ ರಿಂಕ್ ವಿಮಾನ ಕಾರ್ಖಾನೆಯಾದದ್ದು: ನೆಲ, ಸೂರು, ದಾಖಲೆ

ಹಳೆಸೂರು

ರೋಲರ್ ಸ್ಕೇಟಿಂಗ್‌ಗೆಂದು ಕಟ್ಟಿ, ಆಟ ನಿಂತಮೇಲೆ ಬೇರೆ ಕೆಲಸಕ್ಕೆ ಒದಗಿದ ಕಟ್ಟಡಗಳು ಬ್ರಿಟನ್ನಿನಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಭಾರತಕ್ಕೂ ನಂಟಿರುವ ಒಂದನ್ನು ಇಲ್ಲಿ ಚರ್ಚೆಗೆ ಇಡುತ್ತಿದ್ದೇನೆ: ಲಂಡನ್ನಿನ ನೈಋತ್ಯಕ್ಕೆ, ಕಿಂಗ್‌ಸ್ಟನ್ ಅಪಾನ್ ಥೇಮ್ಸ್‌ನ ಕ್ಯಾನ್‌ಬರಿ ಪಾರ್ಕ್ ರಸ್ತೆಯಲ್ಲಿದ್ದ ರಿಂಕ್, ಅಂದರೆ ಸ್ಕೇಟಿಂಗ್ ಹಾಲ್.

ಥಾಮಸ್ ಸಾಪ್‌ವಿತ್ 1912ರಲ್ಲಿ ಬ್ರೂಕ್‌ಲ್ಯಾಂಡ್ಸ್‌ನ ಶೆಡ್ಡುಗಳಲ್ಲಿ ವಿಮಾನ ಕಟ್ಟಲು ಶುರುಮಾಡಿದ. ಜೊತೆಗಿದ್ದವರು ಫ್ರೆಡ್ ಸಿಗ್ರಿಸ್ಟ್ ಮತ್ತು ಆಸ್ಟ್ರೇಲಿಯಾದಿಂದ ಬಂದ ಹ್ಯಾರಿ ಹಾಕರ್. ಬ್ರಿಟಿಷ್ ನೌಕಾಪಡೆಯ ಆಡಳಿತ ಅವರ ವಿಮಾನ ಕೊಂಡಮೇಲೆ ಶೆಡ್ಡು ಸಾಲದಾಯಿತು. ಆ ಹೊತ್ತಿಗೆ ಕಿಂಗ್‌ಸ್ಟನ್ ರೈಲು ನಿಲ್ದಾಣದ ಹತ್ತಿರದ ಸ್ಕೇಟಿಂಗ್ ರಿಂಕ್ ಬಾಗಿಲು ಹಾಕಿ ಖಾಲಿ ಬಿದ್ದಿತ್ತು. 1912ರ ಡಿಸೆಂಬರಿನಲ್ಲಿ ಸಾಪ್‌ವಿತ್ ಕಂಪನಿಯ ಮೊದಲ ಕಾರ್ಖಾನೆ ಅಲ್ಲಿ ಶುರುವಾಯಿತು. ಬೇಕಾದದ್ದು ಮೂರೇ: ನಡುವೆ ಕಂಬವಿಲ್ಲದ ಅಗಲ, ಮೇಲಿನಿಂದ ಬೀಳುವ ಬೆಳಕು, ಮಟ್ಟಸವಾದ ನೆಲ. ಸ್ಕೇಟಿಂಗ್‌ಗೂ ಬೇಕಾದವು ಇವೇ.

ಮುಂದಿನದು ಬೇಗ ಬೇಗ ನಡೆದುಹೋಯಿತು. 1913ರ ಫೆಬ್ರವರಿಯಲ್ಲಿ ಲಂಡನ್ನಿನ ಒಲಿಂಪಿಯಾ ಪ್ರದರ್ಶನದಲ್ಲಿ 'ಬ್ಯಾಟ್ ಬೋಟ್' ಎಂಬ ಹಾರುವ ದೋಣಿ ಬಂತು. ಅದರ ದೋಣಿಭಾಗ ಕೌಸ್‌ನ ಸಾಂಡರ್ಸ್ ದೋಣಿಕಟ್ಟೆಯದು, ವಿಮಾನ ಸಾಪ್‌ವಿತ್‌ನದು. (ಒಲಿಂಪಿಯಾದ ಸಭಾಂಗಣವೂ ಒಂದು ಕಾಲಕ್ಕೆ ರೋಲರ್ ರಿಂಕ್ ಆಗಿತ್ತು.) ಅದೇ ವರ್ಷದ ನವೆಂಬರ್ 29ರಂದು 'ಟ್ಯಾಬ್ಲಾಯ್ಡ್' ಎಂಬ ಪುಟ್ಟ ವಿಮಾನ ಫಾರ್ನ್‌ಬರೋದಲ್ಲಿ ಪರೀಕ್ಷೆಗೆ ನಿಂತು ಗಂಟೆಗೆ 92 ಮೈಲಿ ಓಡಿತು. 80 ಅಶ್ವಶಕ್ತಿಯ ನೋಮ್ ಎಂಜಿನ್ನಿನಲ್ಲಿ, ಇಬ್ಬರನ್ನು ಕೂರಿಸಿಕೊಂಡು! 1914ರ ಏಪ್ರಿಲ್‌ನಲ್ಲಿ ಮೊನಾಕೊದಲ್ಲಿ ಷ್ನೈಡರ್ ಟ್ರೋಫಿ ಎಂಬ ಸಮುದ್ರವಿಮಾನಗಳ ಪಂದ್ಯವನ್ನು ಗೆದ್ದದ್ದು ಇದರ ತೇಲುವ ರೂಪ, ಹಾರಿಸಿದವನು ಹೋವರ್ಡ್ ಪಿಕ್ಸ್ಟನ್. ಯುದ್ಧ ಶುರುವಾದಮೇಲೆ ಅದೇ ರಸ್ತೆಯಲ್ಲಿ ಹೊಸ ಕಾರ್ಖಾನೆ ಕಟ್ಟಡಗಳು ಎದ್ದವು. ಪಪ್, ಟ್ರೈಪ್ಲೇನ್, ಕ್ಯಾಮಲ್ ಎಂಬ ಯುದ್ಧವಿಮಾನಗಳೆಲ್ಲ ಅಲ್ಲಿಯ ವಿನ್ಯಾಸಗಳೇ.

1920ರಲ್ಲಿ ಸಾಪ್‌ವಿತ್ ಕಂಪನಿ ಮುಚ್ಚಿತು. ಯುದ್ಧ ಮುಗಿದು ವಿಮಾನದ ಬೇಡಿಕೆ ಬಿದ್ದುಹೋಗಿತ್ತು, ಯುದ್ಧಕಾಲದ ಲಾಭದ ಮೇಲಿನ ತೆರಿಗೆ ತಲೆಯ ಮೇಲಿತ್ತು. ಅದೇ ವರ್ಷ ಅದೇ ಜಾಗದಲ್ಲಿ ಎಚ್.ಜಿ. ಹಾಕರ್ ಎಂಜಿನಿಯರಿಂಗ್ ಹುಟ್ಟಿತು. ಹರಿಕೇನ್ ಯುದ್ಧವಿಮಾನದ ಮೊದಲ ಮಾದರಿ ಕೆ5083 ಕಟ್ಟಿದ್ದು ಕ್ಯಾನ್‌ಬರಿ ಪಾರ್ಕ್ ರಸ್ತೆಯಲ್ಲೇ. ಬ್ರೂಕ್‌ಲ್ಯಾಂಡ್ಸ್‌ಗೆ ಸಾಗಿಸಿ ಅದನ್ನು ಹಾರಿಸಿದ್ದು 1935ರ ನವೆಂಬರ್ 6ರಂದು.

ಕಟ್ಟಡದ ಕಡೆಯಿಂದ ಈ ಇತಿಹಾಸ ಬಿಡಿಸಬಲ್ಲವರು ಬರೆಯಿರಿ. ರಿಂಕ್ ಎಂದರೆ ಬರೀ ಒಂದು ಖಾಲಿ ಹಾಲ್ ಎಂಬಂತೆ ವಿಮಾನದ ಪುಸ್ತಕಗಳು ಒಂದು ವಾಕ್ಯದಲ್ಲಿ ದಾಟಿಹೋಗುತ್ತವೆ. ಅದು ನ್ಯಾಯವಲ್ಲ.

ಚಕ್ರಪಾದ

ರಿಂಕ್ ಯಾಕೆ ಖಾಲಿ ಬಿತ್ತು ಅನ್ನುವುದರಿಂದ ಶುರುಮಾಡೋಣ. ಬ್ರಿಟನ್ನಿನಲ್ಲಿ ಸ್ಕೇಟಿಂಗ್ ಹುಚ್ಚು ಬಂದದ್ದು ಎರಡು ಸಲ. ಇವೆರಡನ್ನು ಕಲಸಿದರೆ ಕಟ್ಟಡದ ಕಾಲ ನಿರ್ಣಯವೇ ತಪ್ಪುತ್ತದೆ.

ಮೊದಲನೆಯದು 1870ರ ದಶಕದ ನಡುವೆ. ಅಮೆರಿಕದ ಜೇಮ್ಸ್ ಪ್ಲಿಂಪ್ಟನ್ 1863ರಲ್ಲಿ ಪೇಟೆಂಟ್ ಪಡೆದ ಸ್ಕೇಟ್ ಇದಕ್ಕೆ ಮೂಲ. ಮುಂದೊಂದು ಜೋಡಿ, ಹಿಂದೊಂದು ಜೋಡಿ ಚಕ್ರ. ಪ್ರತಿ ಜೋಡಿಯ ಅಚ್ಚು ಓರೆಯಾದ ತಿರುಗಣೆಯ ಮೇಲೆ ಕೂತಿರುತ್ತದೆ, ನಡುವೆ ರಬ್ಬರಿನ ಮೆತ್ತೆ. ಸ್ಕೇಟರ್ ಮೈಯನ್ನು ಎಡಕ್ಕೆ ವಾಲಿಸಿದರೆ ಎರಡೂ ಅಚ್ಚುಗಳು ಆ ಕಡೆಗೆ ತಿರುಗಿ ಸ್ಕೇಟ್ ತಾನೇ ಬಾಗಿ ಓಡುತ್ತದೆ, ಮೈ ನೆಟ್ಟಗಾದರೆ ರಬ್ಬರ್ ಅಚ್ಚನ್ನು ಮತ್ತೆ ನೇರಕ್ಕೆ ತರುತ್ತದೆ. ಇಂದಿನ ಕ್ವಾಡ್ ಸ್ಕೇಟ್‌ನಲ್ಲೂ ತತ್ವ ಇದೇ. ಅದಕ್ಕೂ ಹಿಂದಿನ ಸ್ಕೇಟ್‌ಗಳಲ್ಲಿ ತಿರುಗಬೇಕಾದರೆ ಕಾಲನ್ನೇ ಎತ್ತಿಡಬೇಕಿತ್ತು.

ಪ್ಲಿಂಪ್ಟನ್ ಸ್ಕೇಟ್ ಮಾರುತ್ತಿರಲಿಲ್ಲ, ರಿಂಕ್‌ಗಳಿಗೆ ಬಾಡಿಗೆಗೆ ಕೊಡುತ್ತಿದ್ದ. ಇಂಗ್ಲೆಂಡಿನಲ್ಲಿ ನಕಲು ಮಾಡಿದವರ ಮೇಲೆ ಸಾಲಾಗಿ ದಾವೆ ಹೂಡಿದ. 1876ರ ಪ್ಲಿಂಪ್ಟನ್–ಮಾಲ್ಕಮ್‌ಸನ್ ತೀರ್ಪು ಪೇಟೆಂಟ್ ಕಾನೂನಿನವರಿಗೆ ಇಂದಿಗೂ ಗೊತ್ತು. ಹೀಗಾಗಿ ಸಣ್ಣ ಊರಿನ ರಿಂಕ್ ಕಂಪನಿಗೆ ಕಟ್ಟಡದ ಸಾಲದ ಜೊತೆಗೆ ಸ್ಕೇಟ್ ಬಾಡಿಗೆಯೂ ಬೀಳುತ್ತಿತ್ತು. ಜನರ ಉಮೇದು ಇಳಿದೊಡನೆ ಕಂಪನಿಗಳು ಮುಳುಗಿದವು.

ಆಟದಲ್ಲೇ ಒಂದು ಅಡಚಣೆಯೂ ಇತ್ತು. ಆ ಸ್ಕೇಟ್‌ನಲ್ಲಿ ಬಾಲ್ ಬೇರಿಂಗ್ ಇಲ್ಲ. ಬಾಕ್ಸ್‌ವುಡ್ ಮರದ ಚಕ್ರ, ಉಕ್ಕಿನ ಅಚ್ಚು, ನಡುವೆ ಎಣ್ಣೆ. ಧೂಳು ಸೇರಿದರೆ ಎಣ್ಣೆ ಅಂಟಾಗಿ ಚಕ್ರ ಬಿಗಿಯುತ್ತಿತ್ತು, ಇಲ್ಲವೇ ತೂತು ಸವೆದು ಚಕ್ರ ಅಲ್ಲಾಡುತ್ತಿತ್ತು. ಸ್ವಲ್ಪ ದೂರ ಹೋಗಲಿಕ್ಕೂ ಕಾಲಿನ ಬಲವೆಲ್ಲ ಬೇಕು. 1880ರ ದಶಕದಲ್ಲಿ ಲೆವಾಂಟ್ ರಿಚರ್ಡ್‌ಸನ್ ಉಕ್ಕಿನ ಗುಂಡುಗಳ ಬೇರಿಂಗ್‌ಗೆ ಪೇಟೆಂಟ್ ಪಡೆದಮೇಲೆ ಆಟವೇ ಬದಲಾಯಿತು.

ಎರಡನೆಯ ಅಲೆ 1907ರಿಂದ ಸುಮಾರು 1912ರವರೆಗೆ. ಬೇರಿಂಗ್ ಇರುವ ಸ್ಕೇಟ್, ಅಮೆರಿಕದಿಂದ ಹಡಗಿನಲ್ಲಿ ಬಂದ ಮೇಪಲ್ ಹಲಗೆ, ವಾದ್ಯಮೇಳ, ವಿದ್ಯುತ್ ದೀಪ. ಒಂದೇ ಊರಲ್ಲಿ ಎರಡು ಮೂರು ರಿಂಕ್ ಎದ್ದು ಒಂದಕ್ಕೊಂದು ಪೈಪೋಟಿಗೆ ಬಿದ್ದವು. ಆ ಹೊತ್ತಿಗೇ ಸಿನಿಮಾ ಬಂತು, ಟಿಕೆಟ್ಟೂ ಅಗ್ಗ. 1911–12ರಲ್ಲಿ ಬ್ರಿಟನ್ನಿನಲ್ಲಿ ಖಾಲಿ ರಿಂಕ್ ಹುಡುಕಿದರೆ ಸಿಗದ ಊರು ಕಡಿಮೆ. ಸಾಪ್‌ವಿತ್‌ಗೆ ಕೆಲವೇ ವರ್ಷ ಹಳೆಯದಾದ ಗಟ್ಟಿ ಹಾಲ್ ಸಿಕ್ಕಿದ್ದು ಈ ಕಾರಣದಿಂದ.

ಉಳಿಬಾಚಿ

@ಚಕ್ರಪಾದ ಹೇಳಿದ ಮೇಪಲ್ ನೆಲದ ಬಗ್ಗೆ ವಿವರವಾಗಿ ಬರೆಯುತ್ತೇನೆ. ಇದು ಗೊತ್ತಿಲ್ಲದವರು ರಿಂಕ್‌ನ ನೆಲವನ್ನು ಮಾಮೂಲಿ ಹಲಗೆ ನೆಲವೆಂದು ಕಿತ್ತು ಹಾಕುತ್ತಾರೆ.

ಮೊದಲ ಅಲೆಯ ರಿಂಕ್‌ಗಳಲ್ಲಿ ಆಸ್ಫಾಲ್ಟ್, ಸಿಮೆಂಟ್, ಮರ ಮೂರೂ ಇದ್ದವು. ಆಸ್ಫಾಲ್ಟ್ ಬಿಸಿಲಿಗೆ ಮೆತ್ತಗಾಗಿ ಚಕ್ರದ ಗೆರೆ ಬೀಳುತ್ತದೆ. ಸಿಮೆಂಟ್ ಸವೆದು ಪುಡಿಯೇಳುತ್ತದೆ, ಆ ಪುಡಿ ಮರದ ಚಕ್ರವನ್ನು ಉಪ್ಪುಕಾಗದ ತಿಕ್ಕಿದಂತೆ ತಿನ್ನುತ್ತದೆ. ಎರಡನೆಯ ಅಲೆಯವರು ಗಟ್ಟಿ ಮೇಪಲ್‌ಗೆ ಹೋದದ್ದು ಅದಕ್ಕೇ. ಮರದ ಗಡಸನ್ನು ಅಳೆಯುವ ಜಂಕಾ ಪರೀಕ್ಷೆಯಲ್ಲಿ ಗಟ್ಟಿ ಮೇಪಲ್ ಸುಮಾರು 1,450 ಪೌಂಡ್, ನಮ್ಮ ತೇಗ ಸುಮಾರು 1,070. ಮೇಪಲ್‌ನ ರಂಧ್ರಗಳು ಸಣ್ಣವು, ಎಳೆ ಒತ್ತಾಗಿರುತ್ತದೆ, ಸಿಬಿರು ಏಳುವುದು ಕಡಿಮೆ. ಬಿದ್ದವರ ಅಂಗೈಗೆ ಸಿಬಿರು ಹೊಗದಿರಬೇಕಾದರೆ ಇದು ಮುಖ್ಯ.

ಕಟ್ಟುವ ಕ್ರಮ ಕೆಳಗಿನಿಂದ ಮೇಲಕ್ಕೆ ಹೀಗೆ. ಗಟ್ಟಿ ತಳದ ಮೇಲೆ ಸುಮಾರು 12 ಅಂಗುಲಕ್ಕೊಂದರಂತೆ ಅಡ್ಡಪಟ್ಟಿ. ಅದರ ಮೇಲೆ ಓರೆಯಾಗಿ ಸಾಧಾರಣ ಮರದ ಒಳಹಲಗೆ. ಮೇಲೆ ಮೇಪಲ್ ಪಟ್ಟಿ: ದಪ್ಪ ಒಂದು ಅಂಗುಲದ 32 ಭಾಗದಲ್ಲಿ 25, ಅಂದರೆ 20 ಮಿ.ಮೀ., ಅಗಲ ಸಾಮಾನ್ಯವಾಗಿ 2¼ ಅಂಗುಲ ಅಥವಾ ಇನ್ನೂ ಕಿರಿದು. ಒಂದು ಪಟ್ಟಿಯ ನಾಲಿಗೆಯನ್ನು (ಟಂಗ್) ಇನ್ನೊಂದರ ಗಾಡಿಯೊಳಗೆ (ಗ್ರೂವ್) ಕೂಡಿಸಿ, ಟಂಗ್‌ನ ಬುಡದಲ್ಲಿ ಓರೆಯಾಗಿ 2 ಅಂಗುಲದ ಮೊಳೆ ಹೊಡೆಯಬೇಕು. ಮುಂದಿನ ಪಟ್ಟಿ ಕೂತಾಗ ಮೊಳೆ ಮುಚ್ಚಿಹೋಗುತ್ತದೆ. ಮೇಲ್ಮೈಯಲ್ಲಿ ಒಂದು ಮೊಳೆತಲೆಯೂ ಕಾಣಬಾರದು.

ಪಟ್ಟಿ ಓಡುವ ದಿಕ್ಕನ್ನು ನೋಡಿದರೆ ರಿಂಕ್ ಅಂತ ಹೇಳಿಬಿಡಬಹುದು. ನೃತ್ಯದ ಹಾಲ್‌ನಲ್ಲಿ ಪಟ್ಟಿಗಳೆಲ್ಲ ಒಂದೇ ಕಡೆಗೆ. ರಿಂಕ್‌ನಲ್ಲಿ ಚಕ್ರ ಸಂದಿನ ಉದ್ದಕ್ಕೆ ಓಡಬೇಕು, ಸಂದನ್ನು ಅಡ್ಡ ದಾಟಿದರೆ ಸದ್ದು ಮತ್ತು ನಡುಕ. ಆದ್ದರಿಂದ ಒಳ್ಳೆಯ ರಿಂಕ್‌ನಲ್ಲಿ ನಾಲ್ಕೂ ಬದಿಯ ಪಟ್ಟಿಗಳು ಆಯಾ ಗೋಡೆಗೆ ಸಮಾನಾಂತರವಾಗಿದ್ದು ಮೂಲೆಯಲ್ಲಿ 45 ಡಿಗ್ರಿಗೆ ಕೂಡುತ್ತವೆ. ಇನ್ನೂ ದುಬಾರಿಯ ಕೆಲಸದಲ್ಲಿ ಪಟ್ಟಿಗಳನ್ನು ಮೂಲೆಯ ಸುತ್ತ ಬಾಗಿಸಿಯೇ ಹೊಡೆದಿರುತ್ತಾರೆ.

ಎಲ್ಲಿ ಕೆಡುತ್ತದೆ? ತೇವದಿಂದ. ಮೇಪಲ್ ನೀರು ಕುಡಿದರೆ ಹಿಗ್ಗುವ ಮರ. ತೇವಾಂಶ ಶೇ. 1 ಏರಿದರೆ ಚಪ್ಪಟೆ ಸೀಳಿನ ಹಲಗೆ ಅಗಲದಲ್ಲಿ ಶೇ. 0.353ರಷ್ಟು ಹಿಗ್ಗುತ್ತದೆ. 12 ಮೀಟರ್ ಅಗಲದ ನೆಲದಲ್ಲಿ ತೇವಾಂಶ ಬರೀ ಶೇ. 2 ಏರಲಿ, ಲೆಕ್ಕದ ಮೇಲೆ 85 ಮಿ.ಮೀ. ಹಿಗ್ಗು! ಪಟ್ಟಿಗಳ ಸೀಳು ಬೆರಕೆಯಾಗಿರುವುದರಿಂದ ಮತ್ತು ಮೊಳೆ ಹಿಡಿದಿಡುವುದರಿಂದ ಅಷ್ಟು ಆಗುವುದಿಲ್ಲ, ಆದರೂ ಗೋಡೆಯ ಸುತ್ತ 40–50 ಮಿ.ಮೀ. ಸಂದು ಬಿಡಲೇಬೇಕು. ಆ ಸಂದನ್ನು ಆಮೇಲಿನ ಬಾಡಿಗೆದಾರರು ಕಸ ಬೀಳುತ್ತದೆಂದು ಗಾರೆ ತುಂಬಿ ಮುಚ್ಚುತ್ತಾರೆ. ಮುಂದಿನ ಮಳೆಗಾಲಕ್ಕೆ ನೆಲ ನಡುವೆ ಉಬ್ಬಿ ನಿಲ್ಲುತ್ತದೆ.

ನೆಲ ಉಳಿಸಿಕೊಳ್ಳುವವರಿಗೆ ಇನ್ನೊಂದು: ಟಂಗ್‌ನ ಮೇಲೆ ಸವೆಯಲು ಸಿಗುವ ಮರ ಸುಮಾರು 6 ಮಿ.ಮೀ. ಮಾತ್ರ. ಒಂದು ಸಲ ಯಂತ್ರದಿಂದ ಉಜ್ಜಿದರೆ ಅರ್ಧದಿಂದ ಮುಕ್ಕಾಲು ಮಿ.ಮೀ. ಹೋಗುತ್ತದೆ. ಉಜ್ಜುವ ಮೊದಲು ಹೊಸ್ತಿಲ ಬಳಿ ಒಂದು ಪಟ್ಟಿ ಎತ್ತಿ ಎಷ್ಟು ಉಳಿದಿದೆ ಅಳೆಯಿರಿ. 2 ಮಿ.ಮೀ.ಗಿಂತ ಕಡಿಮೆಯಿದ್ದರೆ ಯಂತ್ರ ಹಚ್ಚಬೇಡಿ. ಪಟ್ಟಿಯ ಅಂಚು ಸೀಳಿ ಮೊಳೆತಲೆ ಮೇಲೆ ಬರುತ್ತದೆ.

ಗಾಳಿಪಟ

ಸಾಪ್‌ವಿತ್‌ನವರು ರಿಂಕ್‌ನ ನೆಲದ ಮೇಲೇ ಸೀಮೆಸುಣ್ಣದಲ್ಲಿ ವಿಮಾನವನ್ನು ನಿಜ ಅಳತೆಗೆ ಬರೆಯುತ್ತಿದ್ದರು ಅಂತ ಓದಿದ್ದೇನೆ. ಕಾಗದದ ನಕ್ಷೆಯೇ ಇಲ್ಲದೆ ವಿಮಾನ ಕಟ್ಟುವುದು ಹೇಗೆ ಸಾಧ್ಯ? ತಿಳಿದವರು ಹೇಳ್ತೀರಾ?

ರೆಕ್ಕೆಕಟ್ಟು

@ಗಾಳಿಪಟ, ದೋಣಿ ಕಟ್ಟುವವರಲ್ಲಿ ಈ ಪದ್ಧತಿ ಹಳೆಯದು. ಮರ ಮತ್ತು ಬಟ್ಟೆಯ ವಿಮಾನಕ್ಕೆ ಅದು ಸಲೀಸಾಗಿ ಹೊಂದಿತು. ಆಮೇಲೆ ಕಂಪನಿಗೆ ನಕ್ಷೆ ಬರೆಯುವವರು ಬಂದರು, ಹರ್ಬರ್ಟ್ ಸ್ಮಿತ್ ಸೇರಿದ್ದು 1914ರಲ್ಲಿ. ಶುರುವಿನ ವಿಮಾನಗಳು ಮಾತ್ರ ನೆಲದಿಂದಲೇ ಎದ್ದವು. ಕೆಲಸದ ಕ್ರಮ ಇದು:

ಮೊದಲು ನೆಲದ ಮೇಣ ತೆಗೆಯಬೇಕು. ಮೇಣ ಹಿಡಿದ ಹಲಗೆಯ ಮೇಲೆ ಸೀಮೆಸುಣ್ಣ ಕೂರುವುದಿಲ್ಲ. ಆಮೇಲೆ ಉದ್ದಕ್ಕೆ ನೂಲು ಹೊಡೆದು ಒಂದು ಮೂಲಗೆರೆ. ಅದಕ್ಕೆ ಲಂಬ ಎಳೆಯಲು ಮೂಲೆಮಟ್ಟ ಸಾಲದು, ಇಷ್ಟು ಉದ್ದಕ್ಕೆ ಅದರ ತಪ್ಪು ದೊಡ್ಡದಾಗಿ ಕಾಣುತ್ತದೆ. 3-4-5ರ ತ್ರಿಕೋನವನ್ನು ಆದಷ್ಟು ದೊಡ್ಡದಾಗಿ, 9-12-15 ಅಡಿಗೆ ಹಾಕಬೇಕು. ಮೂಲಗೆರೆಯ ಮೇಲೆ ಪ್ರತಿ ಅಡ್ಡಚೌಕಟ್ಟಿನ ಜಾಗ ಗುರುತಿಸಿ ಎತ್ತರ ಅಳೆದು ಚುಕ್ಕಿ ಇಡುವುದು. ಚುಕ್ಕಿಗಳ ಮೇಲೆ ತೆಳ್ಳಗಿನ ಬಳುಕುಪಟ್ಟಿಯನ್ನು ಬಾಗಿಸಿ, ಅದರ ಗುಂಟ ಗೆರೆ ಎಳೆದರೆ ವಿಮಾನದ ಪಕ್ಕನೋಟ ಸಿಕ್ಕಿತು. ಪಟ್ಟಿ ಯಾವ ಚುಕ್ಕಿಯಲ್ಲಿ ಸಹಜವಾಗಿ ಕೂರುವುದಿಲ್ಲವೋ ಅಲ್ಲಿ ಅಳತೆಯೇ ತಪ್ಪು.

ಈಗ ಗೆರೆಯ ಎರಡೂ ಬದಿಗೆ ಮರದ ತುಂಡುಗಳನ್ನು ನೆಲಕ್ಕೆ ಹೊಡೆದು ಅಚ್ಚು ಮಾಡುತ್ತಾರೆ. ಮೇಪಲ್‌ಗೆ ನೇರ ಮೊಳೆ ಹೊಡೆದರೆ ಮೊಳೆ ಬಾಗುತ್ತದೆ, ತುಂಡು ಸೀಳುತ್ತದೆ. ಬೈರಿಗೆಯಲ್ಲಿ ತೂತು ಕೊರೆದು ಸ್ಕ್ರೂ ಹಾಕುವುದೇ ಸರಿ. ಈ ಅಚ್ಚಿನೊಳಗೆ ಉದ್ದದ ಆ್ಯಶ್ ಮತ್ತು ಸ್ಪ್ರೂಸ್ ಕಡ್ಡಿಗಳನ್ನು ಕೂರಿಸಿ, ಅಡ್ಡಕಡ್ಡಿ ಸೇರಿಸಿ ಒಂದು ಪಕ್ಕ ಕಟ್ಟುತ್ತಾರೆ. ಅದನ್ನು ಎತ್ತಿ ಅದೇ ಅಚ್ಚಿನಲ್ಲಿ ಇನ್ನೊಂದು ಪಕ್ಕ. ಎರಡೂ ಒಂದೇ ಗೆರೆಯಿಂದ ಬಂದದ್ದರಿಂದ ಎಡಬಲ ಸಮ. ಎರಡನ್ನೂ ನಿಲ್ಲಿಸಿ ನಡುವೆ ಅಡ್ಡಮರ ಕೊಟ್ಟು, ಪ್ರತಿ ಚೌಕಕ್ಕೂ ಕರ್ಣದಲ್ಲಿ ತಂತಿ ಬಿಗಿಯುತ್ತಾರೆ. ಒಂದು ಚೌಕದ ಎರಡೂ ಕರ್ಣ ಸಮನಾಗುವವರೆಗೆ ತಂತಿಯ ತಿರುಪನ್ನು ತಿರುಗಿಸಬೇಕು. ಮುಂದಿನಿಂದ ಶುರುಮಾಡಿ ಹಿಂದಕ್ಕೆ ಹೋಗಬೇಕು, ನಡುವಿನಿಂದ ಬಿಗಿದರೆ ಬಾಲ ತಿರುಚುತ್ತದೆ.

ನೆಲ ಮಟ್ಟಸವಾಗಿರಬೇಕು ಅನ್ನುವುದು ಇಲ್ಲಿಗೆ ಬರುತ್ತದೆ. ನೆಲದಲ್ಲಿ ಕಾಲು ಅಂಗುಲ ತಗ್ಗಿದ್ದರೆ ಅಲ್ಲಿ ಕಟ್ಟಿದ ಪಕ್ಕವೂ ಅಷ್ಟು ಬಾಗಿರುತ್ತದೆ. ತಂತಿ ಬಿಗಿದು ಅದನ್ನು ಎಳೆದು ಸರಿಮಾಡಿದರೆ ಆ ಎಳೆತ ಮರದಲ್ಲಿ ಹಾಗೇ ಉಳಿದು, ಹಾರುವಾಗಿನ ಹೊರೆಯ ಜೊತೆ ಸೇರುತ್ತದೆ. ಟ್ಯಾಬ್ಲಾಯ್ಡ್‌ನ ರೆಕ್ಕೆ 25 ಅಡಿ 6 ಅಂಗುಲ, ಉದ್ದ 20 ಅಡಿ 4 ಅಂಗುಲ. ಇಷ್ಟನ್ನು ಒಂದೇ ಸಲಕ್ಕೆ ಬರೆಯಲು ಸಾಮಾನ್ಯ ಬಡಗಿಯಂಗಡಿಯಲ್ಲಿ ಜಾಗವೆಲ್ಲಿ? ಬ್ಯಾಟ್ ಬೋಟ್‌ನ ರೆಕ್ಕೆ ಅಂತೂ 41 ಅಡಿ.

ಗಾಳಿಪಟ

ತುಂಬ ಉಪಕಾರವಾಯಿತು ಸರ್. ಬಟ್ಟೆ ಹೊದಿಸುವ ಕೆಲಸವೂ ಅದೇ ಹಾಲ್‌ನಲ್ಲಿ ಆಗುತ್ತದೆಯೇ?

ರೆಕ್ಕೆಕಟ್ಟು

ಒಂದೇ ಸೂರಿನಡಿ ಮಾಡಬಹುದು, ಆದರೆ ಗೋಡೆ ಹಾಕಿ ಬೇರೆ ಕೋಣೆ ಮಾಡಿಕೊಳ್ಳಲೇಬೇಕು. ಐರಿಷ್ ಲಿನನ್ ಹೊದಿಸಿ ಅದಕ್ಕೆ ಡೋಪ್ ಎಂಬ ಮೆರುಗೆಣ್ಣೆಯಂಥ ದ್ರವ ಬಳಿಯುತ್ತಾರೆ. ಡೋಪ್ ಒಣಗುತ್ತ ಬಟ್ಟೆಯನ್ನು ಬಿಗಿಯುತ್ತದೆ. ಹಾಲ್ ತಣ್ಣಗಿದ್ದು ಗಾಳಿಯಲ್ಲಿ ತೇವವಿದ್ದರೆ ಡೋಪ್‌ನ ದ್ರಾವಕ ಆರುವಾಗ ಮೇಲ್ಮೈ ಇನ್ನೂ ತಣ್ಣಗಾಗಿ ನೀರಿನ ಹನಿ ಕೂತು ಬೆಳ್ಳಗೆ ಬೂದಿ ಹಿಡಿದಂತಾಗುತ್ತದೆ. ಆ ಜಾಗದಲ್ಲಿ ಬಿಗಿಯೂ ಇಲ್ಲ, ಬಲವೂ ಇಲ್ಲ. ಆದ್ದರಿಂದ 18–21 ಡಿಗ್ರಿ ಬಿಸಿ ಕಾಯ್ದುಕೊಂಡ ಕೋಣೆ ಬೇಕು. ದೊಡ್ಡ ರಿಂಕ್ ಹಾಲ್ ಪೂರ್ತಿ ಬಿಸಿ ಮಾಡುವುದು ಆಗದ ಮಾತು.

ಇದಕ್ಕಿಂತ ದೊಡ್ಡ ಅಪಾಯ ಕೆಲಸಗಾರರಿಗಿತ್ತು. ಮೊದಲ ಯುದ್ಧದ ಶುರುವಿನಲ್ಲಿ ಬ್ರಿಟನ್ನಿನ ವಿಮಾನ ಕಾರ್ಖಾನೆಗಳ ಡೋಪ್‌ನಲ್ಲಿ ಟೆಟ್ರಾಕ್ಲೋರೋಈಥೇನ್ ಇತ್ತು. ಅದು ಪಿತ್ತಜನಕಾಂಗವನ್ನು ಹಾಳುಮಾಡಿ ಕಾಮಾಲೆ ತರುತ್ತಿತ್ತು, ಸಾವುಗಳೂ ಆದವು. ಅದರ ಆವಿ ಗಾಳಿಗಿಂತ ಭಾರ, ನೆಲದ ಮಟ್ಟಕ್ಕೆ ಇಳಿಯುತ್ತದೆ. ಸೂರಿನಲ್ಲಷ್ಟೇ ಗಾಳಿಕಿಂಡಿ ಇರುವ ಸ್ಕೇಟಿಂಗ್ ಹಾಲ್ ಈ ಕೆಲಸಕ್ಕೆ ತೀರ ಕೆಟ್ಟದ್ದು. ಕೆಳಮಟ್ಟದಲ್ಲಿ ಗಾಳಿ ಹೊರಹಾಕುವ ಫ್ಯಾನ್ ಬೇಕು.

ನೀಲಿಬಾನು

ಭಾರತದ ನಂಟನ್ನು ನಾನು ಸೇರಿಸುತ್ತೇನೆ. ಮೊದಲ ಮಹಾಯುದ್ಧದಲ್ಲಿ ಹರ್ದಿತ್ ಸಿಂಗ್ ಮಲಿಕ್ ಅವರು ಬ್ರಿಟಿಷ್ ಸೇನೆಯ ವಾಯುದಳವಾದ ರಾಯಲ್ ಫ್ಲೈಯಿಂಗ್ ಕೋರ್‌ನ 28ನೇ ಸ್ಕ್ವಾಡ್ರನ್‌ನಲ್ಲಿ ಸಾಪ್‌ವಿತ್ ಕ್ಯಾಮಲ್ ಹಾರಿಸಿದರು, 1917ರ ಅಕ್ಟೋಬರಿನಲ್ಲಿ ಕಾಲಿಗೆ ಗುಂಡು ತಿಂದೂ ಬದುಕಿ ಬಂದರು. ಹಾಕರ್ ಕಂಪನಿಯಾದಮೇಲಿನ ಹಾರ್ಟ್, ಆಡ್ಯಾಕ್ಸ್, ಹರಿಕೇನ್ ಮೂರೂ ಭಾರತೀಯ ವಾಯುಪಡೆಯಲ್ಲಿದ್ದವು. 1957ರಿಂದ ಹಂಟರ್ ಬಂತು. 1971ರಲ್ಲಿ ಲೋಂಗೆವಾಲಾದಲ್ಲಿ ಪಾಕಿಸ್ತಾನದ ಟ್ಯಾಂಕುಗಳನ್ನು ತಡೆದದ್ದು ಜೈಸಲ್ಮೇರ್‌ನಿಂದ ಹೊರಟ ಹಂಟರ್‌ಗಳು. ನೌಕಾಪಡೆಯ ಸೀ ಹಾಕ್ ಕೂಡ ಕಿಂಗ್‌ಸ್ಟನ್ನಿನ ವಿನ್ಯಾಸವೇ. ಒಂದು ಸ್ಕೇಟಿಂಗ್ ಹಾಲ್‌ನಿಂದ ಶುರುವಾದ ವಂಶ ಇದು.

ತೊಲೆಜಂತಿ

ಸೂರು ಮತ್ತು ಹೊರೆಯ ವಿಷಯ. ರಿಂಕ್‌ನ ಅಗಲವನ್ನು ಟ್ರಸ್‌ನಿಂದ (ತ್ರಿಕೋನಗಳಾಗಿ ಕೂಡಿಸಿದ ತೊಲೆಗಳ ಚೌಕಟ್ಟು) ದಾಟಿಸುತ್ತಾರೆ, ಮರದ್ದೋ ಕಬ್ಬಿಣದ್ದೋ. ಹಣ ಹಾಕಿದವರು ಬೇಗ ಲಾಭ ಬೇಕೆಂದು ಕಟ್ಟಿಸಿದ ಕಟ್ಟಡಗಳಾದ್ದರಿಂದ ಟ್ರಸ್ ಸಾಮಾನ್ಯವಾಗಿ ಹಗುರ. ತನ್ನ ತೂಕ, ಹಂಚು ಅಥವಾ ತಗಡು, ಗಾಳಿ, ಹಿಮ, ಇಷ್ಟಕ್ಕೇ ಲೆಕ್ಕ ಹಾಕಿದ್ದು. ಆಮೇಲೆ ಬಂದವರು ಅದರ ಕೆಳತೊಲೆಗೆ ಸರಪಳಿ ರಾಟೆ ಕಟ್ಟಿ ಎಂಜಿನ್ ಎತ್ತುತ್ತಾರೆ, ನಾಟಕದವರು ಪರದೆ ನೇತುಹಾಕುತ್ತಾರೆ. ಹೊರೆ ಟ್ರಸ್‌ನ ಗಂಟಿನಲ್ಲಿ ಬಿದ್ದರೆ ಹೇಗೋ ತಡೆಯುತ್ತದೆ, ಎರಡು ಗಂಟಿನ ನಡುವೆ ಬಿದ್ದರೆ ಕೆಳತೊಲೆ ಬಾಗುತ್ತದೆ. ಹಳೆಯ ರಿಂಕ್ ಪರೀಕ್ಷಿಸುವಾಗ ಮೊದಲು ನೋಡಬೇಕಾದದ್ದು ಕೆಳತೊಲೆಯಲ್ಲಿ ಹಗ್ಗ ಸರಪಳಿ ಉಜ್ಜಿದ ಗುರುತು, ಆಮೇಲೆ ಟ್ರಸ್ ಗೋಡೆಯೊಳಗೆ ಹೊಕ್ಕ ತುದಿ. ತುದಿ ಕೊಳೆತಿದ್ದರೆ ಹೊರಗಿನಿಂದ ಗೊತ್ತೇ ಆಗುವುದಿಲ್ಲ. ತೆಳು ಡ್ರಿಲ್ ಹಾಕಿ ಪುಡಿ ನೋಡಿ: ಕಂದು ಮಣ್ಣಿನಂತೆ ಬಂದರೆ ಒಳಗೆ ಮರ ಸತ್ತಿದೆ. ಮರದ ತೇವಾಂಶ ಶೇ. 20 ದಾಟಿದ್ದರೆ ಬೂಷ್ಟಿನ ಕೊಳೆತ ಶುರುವಾಗುವ ಸ್ಥಿತಿ.

ನೆಲದ ಹೊರೆಗೆ ಬಂದರೆ, ಕುರ್ಚಿ ಕಟ್ಟಿರದ ಜನಸೇರುವ ಹಾಲ್‌ಗೆ ನಮ್ಮ ಭಾರತೀಯ ಮಾನಕ ಐಎಸ್ 875ರ 2ನೇ ಭಾಗ ಚದರ ಮೀಟರಿಗೆ 5 ಕಿಲೋನ್ಯೂಟನ್ ಹೇಳುತ್ತದೆ, ಸುಮಾರು 510 ಕೆ.ಜಿ. ರಿಂಕ್ ಗೋದಾಮಾದರೆ? ಹಳೆಯ ಬ್ರಿಟಿಷ್ ಸಿಮೆಂಟ್ ಚೀಲ 112 ಪೌಂಡ್, 51 ಕೆ.ಜಿ. ಹತ್ತು ಚೀಲ ಒಂದರ ಮೇಲೊಂದು ಪೇರಿಸಿದರೆ ಮೂರನೇ ಒಂದು ಚದರ ಮೀಟರಿನಷ್ಟು ಜಾಗದಲ್ಲಿ 510 ಕೆ.ಜಿ. ಅಂದರೆ ಲೆಕ್ಕಕ್ಕಿಂತ ಸುಮಾರು ಮೂರು ಪಟ್ಟು. ಕೆಳಗೆ ಪೊಳ್ಳು ಇರುವ ಮರದ ನೆಲವಾದರೆ ಅಡ್ಡಪಟ್ಟಿ ಬಿರುಕುಬಿಡುತ್ತದೆ. ಗೋದಾಮಾಗಿದ್ದ ರಿಂಕ್‌ನಲ್ಲಿ ಮೂಲ ನೆಲ ಉಳಿಯುವುದು ಅಪರೂಪ, ಸೂರು ಉಳಿಯುವುದು ಸಾಮಾನ್ಯ.

ಹಳೆಸೂರು

@ತೊಲೆಜಂತಿ ಹೇಳಿದ್ದಕ್ಕೆ ಹೊಂದುವ ಕಟ್ಟಡ ಇಂಗ್ಲೆಂಡಿನ ನಾರಿಚ್‌ನಲ್ಲಿದೆ. ಬೆಥೆಲ್ ಬೀದಿಯ ಹಳೆಯ ಸ್ಕೇಟಿಂಗ್ ರಿಂಕ್, ಕಟ್ಟಿದ್ದು 1876ರಲ್ಲಿ, ಮೊದಲ ಅಲೆಯ ನಟ್ಟನಡುವೆ. ಸ್ಕೇಟಿಂಗ್ ಬಹುಬೇಗ ನಿಂತಿತು. ಆಮೇಲೆ ಮನರಂಜನೆಯ ರಂಗಮಂದಿರ, 1882ರಲ್ಲಿ ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸಂಸ್ಥೆಯ ಪ್ರಾರ್ಥನಾ ಸಭಾಂಗಣ, ಆಮೇಲೆ ಸುಮಾರು ನೂರು ವರ್ಷ ಕಟ್ಟಡ ಸಾಮಗ್ರಿ ಮಾರುವವರ ಉಗ್ರಾಣ. 1993ರಿಂದ ಅಲ್ಲಿ ಏಷ್ಯಾದ ಕರಕುಶಲ ವಸ್ತುಗಳ ಮಳಿಗೆ. ಈಗ ಸೌತ್ ಏಷ್ಯಾ ಕಲೆಕ್ಷನ್ ಎಂಬ ಸಂಗ್ರಹಾಲಯವೂ ಅದೇ ಸೂರಿನಡಿ ಇದೆ. ಪಾಕಿಸ್ತಾನದ ಸ್ವಾತ್ ಕಣಿವೆಯ ಕೆತ್ತನೆಯ ಮರದ ಕಂಬ, ಕಮಾನುಗಳನ್ನು ವಿಕ್ಟೋರಿಯಾ ಕಾಲದ ಆ ಮರದ ಸೂರಿನ ಕೆಳಗೆ ನಿಲ್ಲಿಸಿದ್ದಾರೆ.

ಸಾಲ್ವೇಶನ್ ಆರ್ಮಿ 1880ರ ದಶಕದಲ್ಲಿ ಬೇರೆ ಊರುಗಳಲ್ಲೂ ರಿಂಕ್‌ಗಳನ್ನು ಹಿಡಿದಿತ್ತು. ದೊಡ್ಡ ಹಾಲ್, ಕಡಿಮೆ ಬಾಡಿಗೆ, ಚರ್ಚ್‌ಗೆ ಕಾಲಿಡಲು ಹಿಂಜರಿಯುವ ಬಡವರಿಗೆ ಮೊದಲೇ ಪರಿಚಯವಿದ್ದ ಜಾಗ. ರಿಂಕ್‌ನ ಇತಿಹಾಸ ಹುಡುಕುವವರು ಧಾರ್ಮಿಕ ಸಂಸ್ಥೆಗಳ ಕಾಗದಪತ್ರವನ್ನೂ ನೋಡಬೇಕು ಅನ್ನುವುದು ಇದಕ್ಕೇ.

ಮಲೆಘಟ್ಟ

ನಮ್ಮ ದೇಶದ್ದೊಂದು: ಮಸೂರಿಯ ಕುಲ್ರಿ ಬಳಿಯ 'ದಿ ರಿಂಕ್'. 19ನೇ ಶತಮಾನದ ಕೊನೆಯ ಭಾಗದ ಮರದ ಕಟ್ಟಡ. ಸ್ಕೇಟಿಂಗ್ ಅಷ್ಟೇ ಅಲ್ಲ, ನಾಟಕ, ಕುಸ್ತಿಗಳೂ ಅಲ್ಲಿ ನಡೆದಿದ್ದವು, ಆಮೇಲೆ ಹೋಟೆಲಾಯಿತು. 2023ರ ಸೆಪ್ಟೆಂಬರಿನಲ್ಲಿ ಬೆಂಕಿಗೆ ಸುಟ್ಟುಹೋಯಿತು. ನೆಲದ ಕೆಳಗಿನ ಪೊಳ್ಳು, ವರ್ಷಗಟ್ಟಲೆ ಬಳಿದ ಮೇಣ ಮತ್ತು ಪಾಲಿಶ್, ತಡೆಗೋಡೆಯಿಲ್ಲದ ಸೂರು: ಮರದ ರಿಂಕ್‌ನಲ್ಲಿ ಒಂದು ಮೂಲೆಗೆ ಹೊತ್ತಿದ ಬೆಂಕಿ ಹರಡಲು ಇಷ್ಟು ಸಾಕು. ರಿಪೇರಿ ಕೆಲಸ ನಡೆಯುವಾಗಲೇ ಇಂಥ ಕಟ್ಟಡಗಳಿಗೆ ಹೆಚ್ಚು ಅಪಾಯ. ವೆಲ್ಡಿಂಗ್ ಅಥವಾ ಬಣ್ಣ ಸುಡುವ ಕೆಲಸವಿದ್ದ ದಿನ ಕೆಲಸ ನಿಂತಮೇಲೆ ಕನಿಷ್ಠ ಒಂದು ಗಂಟೆ ಒಬ್ಬರು ಅಲ್ಲೇ ಕಾವಲಿರಬೇಕು, ನೆಲದ ಹಲಗೆ ಒಂದೆರಡು ಎತ್ತಿ ಕೆಳಗೆ ನೋಡಬೇಕು. ಇಂಥ ಕಟ್ಟಡ ಇನ್ನೊಂದು ಹೋಗಬಾರದು.

ಕಡತಶೋಧ

ದಾಖಲೆ ಹುಡುಕುವ ದಾರಿ ಬರೆಯುತ್ತೇನೆ. ಬ್ರಿಟನ್ನಿನಲ್ಲಿರುವ ಕನ್ನಡಿಗರು ತಮ್ಮೂರಿನ ರಿಂಕ್ ಬಗ್ಗೆ ಇದನ್ನೇ ಮಾಡಬಹುದು.

ಶುರು ನಕ್ಷೆಯಿಂದ. ಬ್ರಿಟನ್ನಿನ ಸರ್ಕಾರಿ ನಕ್ಷೆ ಇಲಾಖೆಯಾದ ಆರ್ಡ್ನೆನ್ಸ್ ಸರ್ವೆಯ 1:500 ಪಟ್ಟಣ ನಕ್ಷೆಗಳಲ್ಲಿ ಸಾರ್ವಜನಿಕ ಕಟ್ಟಡಗಳ ಒಳಗಿನ ವಿಭಾಗಗಳೂ ಕಾಣುತ್ತವೆ. ಮೈಲಿಗೆ 25 ಅಂಗುಲದ ನಕ್ಷೆ ಆಮೇಲಿನ ಕಾಲಕ್ಕೆ. ನಕ್ಷೆಯಲ್ಲಿ 'ರಿಂಕ್' ಎಂದು ಕಂಡೊಡನೆ ರೋಲರ್ ಎಂದು ತೀರ್ಮಾನಿಸಬೇಡಿ, ಐಸ್ ರಿಂಕ್ ಅಥವಾ ಕರ್ಲಿಂಗ್ ಕೊಳ ಆಗಿರಬಹುದು. ಅಳತೆಯ ವರ್ಷವನ್ನೂ ಪ್ರಕಟಣೆಯ ವರ್ಷವನ್ನೂ ಬೇರೆಬೇರೆಯಾಗಿ ಬರೆದುಕೊಳ್ಳಿ. ರಿಂಕ್ ಎರಡೇ ವರ್ಷ ಬಾಳಿರುತ್ತದೆ, ನಕ್ಷೆಗಳ ನಡುವೆ ಹತ್ತಿಪ್ಪತ್ತು ವರ್ಷ. ಹೀಗಾಗಿ ಎಷ್ಟೋ ರಿಂಕ್‌ಗಳು ಯಾವ ನಕ್ಷೆಗೂ ಸಿಕ್ಕಿಲ್ಲ.

ಎರಡನೆಯದು ಕಂಪನಿ. ರಿಂಕ್‌ಗಳನ್ನು ಕಟ್ಟಿದ್ದು ಹೆಚ್ಚಾಗಿ ಷೇರು ಕಂಪನಿಗಳು. ಮುಳುಗಿದ ಕಂಪನಿಗಳ ಕಡತ ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದ ಬಿಟಿ 31 ಸರಣಿಯಲ್ಲಿದೆ. ಮೂಲಧನ, ಷೇರುದಾರರ ಹೆಸರು, ಅವರ ಕಸುಬು, ಸಮಾಪನದ (ಕಂಪನಿ ಮುಚ್ಚಿದ) ದಿನ ಎಲ್ಲ ಅದರಲ್ಲಿ ಸಿಗುತ್ತವೆ. ಷೇರುದಾರರ ಪಟ್ಟಿಯಲ್ಲಿ ಊರಿನ ಇಟ್ಟಿಗೆ ವ್ಯಾಪಾರಿ, ಮರದ ವ್ಯಾಪಾರಿ ಕಂಡರೆ ಕಟ್ಟಡ ಕಟ್ಟಿದವರು ಯಾರೆಂದು ಊಹಿಸಬಹುದು. ಆದರೆ ಊಹೆಯನ್ನು ಪತ್ರಿಕೆಯ ಟೆಂಡರ್ ಜಾಹೀರಾತಿನಿಂದ ಖಚಿತಪಡಿಸಿಕೊಳ್ಳಬೇಕು. ಸಮಾಪನದ ಪ್ರಕಟಣೆ ಲಂಡನ್ ಗೆಜೆಟ್‌ನಲ್ಲಿ ಬಂದಿರುತ್ತದೆ, ಅದನ್ನು ಜಾಲದಲ್ಲಿ ಉಚಿತವಾಗಿ ಹುಡುಕಬಹುದು.

ಮೂರನೆಯದು ವ್ಯಾಪಾರ ಡೈರೆಕ್ಟರಿ. ಕೆಲ್ಲಿಯ ಡೈರೆಕ್ಟರಿಯ ಮಾಹಿತಿ ಅದರ ಮುಖಪುಟದ ವರ್ಷಕ್ಕಿಂತ ಹಿಂದೆ ಸಂಗ್ರಹಿಸಿದ್ದು. ಅದರಲ್ಲಿ ರಿಂಕ್ ಇದೆ ಅಂದಮಾತ್ರಕ್ಕೆ ಆ ವರ್ಷ ತೆರೆದಿತ್ತು ಅನ್ನುವಂತಿಲ್ಲ.

ಎರಡನೇ ಅಲೆಯ ರಿಂಕ್ ಆದರೆ ಇನ್ನೊಂದು ಸಂಪತ್ತು ಇದೆ. 1909–10ರ ಹಣಕಾಸು ಕಾಯ್ದೆಗಾಗಿ ಇಡೀ ದೇಶದ ಆಸ್ತಿಗಳ ಮೌಲ್ಯಮಾಪನ ಆಯಿತು. ಆ ಕೈಬರಹದ ಪುಸ್ತಕಗಳೂ ಕ್ಯೂನಲ್ಲಿವೆ. ಮಾಲೀಕ, ಬಾಡಿಗೆದಾರ, ಗೋಡೆ ಸೂರುಗಳ ವಿವರ, ಕೆಲವೊಮ್ಮೆ ಅಳತೆಯ ರೇಖಾಚಿತ್ರವೂ ಇರುತ್ತದೆ.

ಉಳಿಬಾಚಿ

@ಕಡತಶೋಧ ಮೇಡಂ, ಆ ಮೌಲ್ಯಮಾಪನದ ಪುಸ್ತಕದಲ್ಲಿ ವಿಳಾಸ ಹೇಳಿ ಕೇಳಿದರೆ ಸಿಗುತ್ತದೆಯೇ? ನೆಲ ಯಾವುದರದ್ದು ಅಂತ ಅದರಲ್ಲಿ ಬರೆದಿದ್ದರೆ ಮೇಪಲ್ ಪ್ರಶ್ನೆ ಅಲ್ಲೇ ಮುಗಿಯುತ್ತದೆ.

ಕಡತಶೋಧ

ವಿಳಾಸದಿಂದ ಸಿಗುವುದಿಲ್ಲ. ಮೊದಲು ಐಆರ್ 121ರಿಂದ 135ರವರೆಗಿನ ಸರಣಿಗಳಲ್ಲಿ ಆ ಊರಿನ ನಕ್ಷೆ ತರಿಸಿ, ರಿಂಕ್‌ನ ನಿವೇಶನದ ಮೇಲೆ ಕೆಂಪು ಶಾಯಿಯಲ್ಲಿ ಬರೆದ ಆಸ್ತಿ ಸಂಖ್ಯೆ ನೋಡಿ. ಜೊತೆಗೆ ಆ ಭಾಗದ ಮೌಲ್ಯಮಾಪನ ವಲಯದ ಹೆಸರು ಬೇಕು. ಅವೆರಡನ್ನೂ ಇಟ್ಟುಕೊಂಡು ಐಆರ್ 58ರಲ್ಲಿ ಪುಸ್ತಕ ಕೇಳಬೇಕು. ಒಂದು ಪುಸ್ತಕದಲ್ಲಿ 100 ಆಸ್ತಿ, ಒಂದೊಂದಕ್ಕೆ ನಾಲ್ಕು ಪುಟ. ಮೊದಲೆರಡು ಪುಟಗಳಲ್ಲಿ ಒಡೆತನ, ಬಾಡಿಗೆ ಮತ್ತು ಕಟ್ಟಡದ ವಿವರ ಇರುತ್ತದೆ, ನೆಲದ ಮಾತು ಇದ್ದರೆ ಅಲ್ಲೇ. ದೊಡ್ಡ ಕಟ್ಟಡಗಳಿಗೆ ಆ ಜಾಗದಲ್ಲಿ 'ಬೇರೆ ಕಡತ ನೋಡಿ' ಎಂದಷ್ಟೇ ಬರೆದಿರುವುದುಂಟು. ಹಾಗಿದ್ದರೆ ಊರಿನ ಪುರಸಭೆಗೆ ಕಟ್ಟಡ ಪರವಾನಗಿಗೆ ಸಲ್ಲಿಸಿದ ನಕ್ಷೆಯನ್ನು ಆ ಜಿಲ್ಲೆಯ ಪತ್ರಾಗಾರದಲ್ಲಿ ಕೇಳಿ. ಅದರ ಅಡ್ಡಸೀಳಿನ ಚಿತ್ರದಲ್ಲಿ ನೆಲದ ಪದರಗಳನ್ನು ಬಣ್ಣ ಹಾಕಿ ತೋರಿಸುವುದು ರೂಢಿ.